ಗಡ್ಡೆಯ ರಿಪೋರ್ಟು ಮನೆತನದ ಜಾತಕ ಅಲ್ಲ

ನಮಸ್ಕಾರ. ನಿಮ್ಮ ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ನಿಪ್ಪಾಣಿಯಿಂದ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ತಂಬಾಕಿನ ಗೋದಾಮಿನ ಘಾಟು ಮೂಗಿಗೇ ಬಡಿಯುತ್ತದೆ. ಹೊಗಳಿಕೆ ಇಷ್ಟು ಸಾಕು, ಯಾಕಂದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

"ಇಜಿಎಫ್‌ಆರ್ ಮ್ಯುಟೇಷನ್ ಇದೆ ಅಂದರು. ಅಪ್ಪನ ಸಾವು ಹುಟ್ಟುವಾಗಲೇ ಬರೆದಾಗಿತ್ತು, ಈಗ ಅದು ನನ್ನ ರಕ್ತದಲ್ಲೂ ಇದೆ."

ಹುಟ್ಟುವಾಗಲೇ? ಪರೀಕ್ಷೆಗೆ ಕಳಿಸಿದ್ದು ಗಡ್ಡೆಯಿಂದ ತೆಗೆದ ಚೂರು ಅಂತ ಹಿಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಇಜಿಎಫ್‌ಆರ್ ಅಂದರೆ ಜೀವಕೋಶಕ್ಕೆ ಬೆಳೆಯಲು ಹೇಳುವ ಒಂದು ಜೀನ್, ಮ್ಯುಟೇಷನ್ ಅಂದರೆ ಅದರಲ್ಲಾದ ಬದಲಾವಣೆ. ಗಡ್ಡೆಯಲ್ಲಿ ಸಿಗುವ ಈ ಮ್ಯುಟೇಷನ್ ಹೆಚ್ಚುಕಮ್ಮಿ ಎಲ್ಲರಲ್ಲೂ ಹುಟ್ಟಿದ ಎಷ್ಟೋ ವರ್ಷದ ಮೇಲೆ, ಶ್ವಾಸಕೋಶದ ಜೀವಕೋಶದಲ್ಲಷ್ಟೇ ಆಗಿರುತ್ತದೆ. ಮಕ್ಕಳಿಗೆ ದಾಟುವುದಿಲ್ಲ. ಇದೇ ಜೀನಿನ ಟಿ790ಎಂ ಅನ್ನುವ ಇನ್ನೊಂದು ಬದಲಾವಣೆ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬರುವುದುಂಟು, ಆದರೆ ಬಲು ಅಪರೂಪ. ಅದನ್ನು ಖಚಿತಪಡಿಸಲು ರಕ್ತದ್ದೋ ಎಂಜಲಿನದೋ ಬೇರೆ ಪರೀಕ್ಷೆ ಬೇಕು.

ಇನ್ನು "ಸಾವು". ನಿಮ್ಮ ರಿಪೋರ್ಟಿನಲ್ಲಿದ್ದದ್ದು ಎಕ್ಸಾನ್ 19 ಡಿಲಿಷನ್, ಅಂದರೆ ಆ ಜೀನಿನ ಒಂದು ಸಣ್ಣ ತುಂಡು ಬಿಟ್ಟುಹೋಗಿರುವುದು. ಜೆಫಿಟಿನಿಬ್, ಒಸಿಮೆರ್ಟಿನಿಬ್ ಥರದ ಮಾತ್ರೆ ಚೆನ್ನಾಗಿ ಹಿಡಿಯುವುದು ಇಂಥವರಿಗೇ. ಮಾತ್ರೆ ಶುರುವಾದ ಮೇಲೆ ಅಪ್ಪ ಮತ್ತೆ ಸಂತೆಗೆ ಹೋಗಿ ಬಂದರು ಅಂತ ನೀವೇ ಬರೆದಿದ್ದೀರಲ್ವಾ?

ಮುಂದಿನ ಸಾಲು: "2008ರಲ್ಲೇ ಆ ಜೀನ್ ಸಿಕ್ಕಿತು, ಅದಿದ್ದವರು ಬೇಗ ಹೋಗುತ್ತಾರೆ." ಆ ವರ್ಷ ವಿಜ್ಞಾನಿಗಳ ಮೂರು ತಂಡಗಳು ತೋರಿಸಿದ್ದು 15ನೇ ಕ್ರೋಮೋಸೋಮಿನ ಒಂದು ಜಾಗವನ್ನು. ಅಲ್ಲಿರುವುದು ಜೀವಕೋಶದ ಮೇಲೆ ನಿಕೋಟಿನ್ ಬಂದು ಕೂರುವ ಗ್ರಾಹಕಗಳ (ರಿಸೆಪ್ಟರ್) ಜೀನ್‌ಗಳು, ಇಜಿಎಫ್‌ಆರ್ ಅಲ್ಲ. ಅವರು ಹೇಳಿದ್ದು ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ. ಬಂದ ಮೇಲೆ ಎಷ್ಟು ದಿನ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಡಾಕ್ಟರು ಮೊದಲು ನೋಡುವುದು ಸ್ಟೇಜ್. ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸಗಳಿಗೂ ಆಯಸ್ಸಿಗೂ ನಂಟು ಹುಡುಕಿದ್ದಾರೆ, ಆದರೆ ಒಂದು ಅಧ್ಯಯನದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೆ ಹೋಗುವುದೇ ಹೆಚ್ಚು.

ನಾನು ಕೆಲಸ ಕಲಿತದ್ದು ಬೆಳಗಾವಿಯ ಖಡೇಬಜಾರಿನಲ್ಲಿ, ಮಾಳಿಗೆ ಮೇಲಿನ ಸಣ್ಣ ಪತ್ರಿಕೆಯಲ್ಲಿ. ಅಲ್ಲೊಬ್ಬ ಹಿರಿಯರು, ಪ್ರೂಫ್ ನೋಡುತ್ತಾ ಕನ್ನಡಕದ ಮೇಲಿಂದ ದಿಟ್ಟಿಸಿ ಕೇಳುತ್ತಿದ್ದರು: "ಇದನ್ನ ಓದಿ ಮಂದಿ ನಾಳೆ ಏನ್ ಮಾಡ್ತಾರ್ರೀ?" ವ್ಯಾಕರಣ ಆಮೇಲೆ, ಮೊದಲು ಈ ಪ್ರಶ್ನೆ, ಅದೂ ಚಹಾ ಬಂದರೂ ಕುಡಿಯಲು ಬಿಡದೆ! ನಿಮ್ಮ ಸಾಲು ಓದಿದವರು ಏನು ಮಾಡುತ್ತಾರೆ ಗೊತ್ತಾ? ಒಬ್ಬ "ಹಣೆಬರಹ, ಬಿಡು" ಅಂತ ಮಾತ್ರೆ ನಿಲ್ಲಿಸುತ್ತಾನೆ. ಇನ್ನೊಬ್ಬರು ನಿಮ್ಮ ತಂಗಿಗೆ ಬಂದ ಸಂಬಂಧ ವಾಪಸ್ ತಗೊಳ್ಳುತ್ತಾರೆ.

ಆ ಪ್ಯಾರಾ ಪೂರ್ತಿ ತೆಗೆಯಿರಿ. ಮಾತ್ರೆ ನುಂಗಿದ ತಿಂಗಳುಗಳನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಿ, ಅದನ್ನು ಬಿಡಿಸಿ ಬರೆಯಿರಿ. ಕಳಿಸುವ ಮುಂಚೆ ಅಪ್ಪನನ್ನು ನೋಡಿದ ಡಾಕ್ಟರಿಗೆ ಒಮ್ಮೆ ಓದಿಸಿ.