ಫಾರ್ವರ್ಡ್ ಆದ ಮೇಲ್ ಸ್ಪ್ಯಾಮ್‌ಗೆ ಹೋಗುವುದು ಯಾಕೆ?

ಕಾಲೇಜಿನ ವಿಳಾಸಕ್ಕೆ ಬಂದ ಬ್ಯಾಂಕಿನ ಮೇಲ್ ಜಿಮೇಲ್‌ಗೆ ಫಾರ್ವರ್ಡ್ ಆದಾಗ ಸ್ಪ್ಯಾಮ್‌ಗೆ ಬೀಳುತ್ತದೆ, ಯಾಕೆ ಅಂತ ಕೇಳಿದ್ದೀರಿ.

ಮೇಲ್ ಕಳಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ನಮಗೆ ಕಾಣುವುದು 'ಫ್ರಮ್'. ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದು ಇನ್ನೊಂದು, ಅದು 'ರಿಟರ್ನ್-ಪಾಥ್' ಸಾಲಿನಲ್ಲಿ ಉಳಿಯುತ್ತದೆ. ಲಕೋಟೆಯ ಮೇಲೊಂದು ವಿಳಾಸ, ಒಳಗಿನ ಪತ್ರದಲ್ಲೊಂದು ಇದ್ದ ಹಾಗೆ.

ಎಸ್‌ಪಿಎಫ್ ಎಂಬ ತಪಾಸಣೆ ನೋಡುವುದು ಲಕೋಟೆಯ ಡೊಮೇನನ್ನು, ಅಂದರೆ ವಿಳಾಸದಲ್ಲಿ @ ನಂತರದ ಭಾಗವನ್ನು. ಅದರ ಪರವಾಗಿ ಕಳಿಸಲು ಈ ಐಪಿಗೆ (ಕಳಿಸುತ್ತಿರುವ ಸರ್ವರ್‌ನ ನೆಟ್ ವಿಳಾಸಕ್ಕೆ) ಅನುಮತಿ ಇದೆಯಾ ಅಂತ. ಫಾರ್ವರ್ಡ್ ಮಾಡುವುದು ಕಾಲೇಜಿನ ಸರ್ವರ್. ಅದು ಬ್ಯಾಂಕಿನ ಪಟ್ಟಿಯಲ್ಲಿ ಇರುವುದಿಲ್ಲ ಅಲ್ವಾ? ಹಾಗಾಗಿ ಫೇಲ್. ಎಸ್‌ಆರ್‌ಎಸ್ ಎಂಬ ವಿಧಾನ ಬಳಸಿ ಕಾಲೇಜು ರಿಟರ್ನ್-ಪಾಥನ್ನು ತನ್ನ ಡೊಮೇನ್‌ಗೆ ಬದಲಿಸಿದರೆ ಎಸ್‌ಪಿಎಫ್ ಪಾಸಾಗುತ್ತದೆ. ಆದರೆ 'ಫ್ರಮ್' ವಿಳಾಸ ಅಸಲಿಯಾ ಅಂತ ನೋಡುವ ಡಿಮಾರ್ಕ್ ತಪಾಸಣೆಗೆ ಅಷ್ಟು ಸಾಲದು. ಪಾಸಾದ ಡೊಮೇನ್ 'ಫ್ರಮ್' ಜೊತೆ ಹೊಂದಲೇಬೇಕು.

ಇಲ್ಲಿ ನಿಜವಾಗಿ ಕಾಪಾಡುವುದು ಡಿಕಿಮ್ ಸಹಿ, ಅಂದರೆ ಕಳಿಸುವವರ ಸರ್ವರ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ಅದಕ್ಕೆ ಐಪಿ ಮುಖ್ಯವಲ್ಲ. ಸಹಿಗೆ ಒಳಪಟ್ಟ ಹೆಡರ್‌ಗಳೂ ಒಳಗಿನ ಬರಹವೂ ಬದಲಾಗಬಾರದು, ಅಷ್ಟೆ. ಸರ್ವರ್ ಸುಮ್ನೆ ಸಬ್ಜೆಕ್ಟ್‌ಗೆ 'ಹೊರಗಿನ ಮೇಲ್' ಅಂತ ಸೇರಿಸಿದರೂ ಸಾಮಾನ್ಯವಾಗಿ ಸಹಿ ಮುರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು 'ರಿಜೆಕ್ಟ್'ಗೆ (ಫೇಲಾದ ಮೇಲನ್ನು ತಿರಸ್ಕರಿಸಿ ಅನ್ನುವುದಕ್ಕೆ) ಏರಿಸಿದಾಗ ಮೇಲಿಂಗ್ ಲಿಸ್ಟ್‌ಗಳ ಮೂಲಕ ಹೋದ ಮೇಲ್‌ಗಳು ವಾಪಸ್ಸಾಗಿದ್ದು ಇದರಿಂದಲೇ.

ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ತೆರೆದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶವನ್ನೂ ನೋಡಿ. ಡಿಕಿಮ್ ಫೇಲ್ ಆಗಿದ್ದರೆ, ಮೇಲ್ ತಿದ್ದದೆ ಹಾಗೇ ಕಳಿಸಲು ಕಾಲೇಜಿನ ಅಡ್ಮಿನ್‌ಗೆ ಹೇಳಿ.