ಯಾವ ವಾರಕ್ಕೂ ಗುರುತಿಲ್ಲ

"ಅಮ್ಮನಿಗೆ ಮರೆವು ಶುರುವಾಗಿದೆ ಅನ್ಸುತ್ತೆ ಮೇಡಂ" ಎಂದು ಮಗ ಫೋನಿನಲ್ಲಿ ಹೇಳಿದರು. ಊರಿಂದ ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಐದು ತಿಂಗಳು ಅಂದರು. ಮನಸ್ಸಿನ ಕಷ್ಟಕ್ಕೆ ಸಲಹೆ ಕೊಡುವ ಕೆಲಸ ನನ್ನದು, ಇಂಥ ಫೋನು ಬರುತ್ತಲೇ ಇರುತ್ತದೆ. ಊರು ಬೇರೆ, ಹೆಸರು ಬೇರೆ, ಕತೆ ಮಾತ್ರ ಅದೇ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಶಾರದಮ್ಮ ಅಂತ ಕರೆಯೋಣ.

ವಯಸ್ಸು 66. ಮಲೆನಾಡಿನ ಹಳ್ಳಿಯವರು. ಯಜಮಾನರು ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರೆತಂದರು. ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ. ಮಗ, ಸೊಸೆ ಇಬ್ಬರೂ ಒಳ್ಳೆಯವರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕತೆ ಓದುವವರು ಮೊದಲು ಹುಡುಕುವುದೇ ಕೆಟ್ಟ ಸೊಸೆಯನ್ನು. ಇಲ್ಲಿ ಅವಳಿಲ್ಲ. "ಇಷ್ಟು ವರ್ಷ ದುಡಿದದ್ದು ಸಾಕು, ನೀವೇನೂ ಮಾಡ್ಬೇಡಿ, ಆರಾಮಾಗಿರಿ" ಅಂತ ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದರು.

ಎರಡನೇ ಭೇಟಿಯಲ್ಲಿ ಮಗನನ್ನು ಹೊರಗೆ ಕೂರಿಸಿ, ಮರೆವಿನ ಪ್ರಶ್ನೆಗಳ ಹಾಳೆ ತೆಗೆದೆ. ಎಲ್ಲರಿಗೂ ಕೇಳುವ ಪ್ರಶ್ನೆಗಳೇ. ಇದು ಯಾವ ಊರು, ಈಗ ಯಾವ ತಿಂಗಳು. ಸರಿಯಾಗಿಯೇ ಹೇಳಿದರು. ನೂರರಿಂದ ಏಳೇಳು ಕಳೆಯುವುದರಲ್ಲಂತೂ ನನಗಿಂತ ಚುರುಕು. ಕೊನೆಗೆ ಕೇಳಿದೆ: "ಇವತ್ತು ಯಾವ ವಾರ ಅಮ್ಮಾ?"

ಸುಮ್ಮನಾದರು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿತು, ಅರ್ಧಕ್ಕೆ ನಿಂತಿತು. ಆಮೇಲೆ ಸ್ವಲ್ಪ ಸಿಟ್ಟಿನಲ್ಲೇ ಹೇಳಿದರು.

"ಊರಲ್ಲಿದ್ದರೆ ನಿದ್ದೆಗಣ್ಣಲ್ಲೂ ಹೇಳ್ತಿದ್ದೆ ತಂಗಿ. ಸೋಮವಾರ ದೇವಸ್ಥಾನ. ಮಂಗಳವಾರ ಸಂತೆ. ಗುರುವಾರ ಸಂಘದ ಸಭೆ, ಲೆಕ್ಕದ ಪುಸ್ತಕ ನನ್ನ ಹತ್ರಾನೇ ಇತ್ತು. ಶನಿವಾರ ಬೆಳಗಿನ ಶಾಲೆ, ಮಕ್ಕಳು ಬೇಗನೇ ಗಲಾಟೆ ಮಾಡ್ಕೊಂಡು ಹೋಗ್ತವೆ. ಇಲ್ಲಿ ಯಾವ ವಾರಕ್ಕೂ ಗುರುತೇ ಇಲ್ಲ. ಭಾನುವಾರವೂ ಮಗ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಕೊಂಡು ಕೂತಿರ್ತಾನೆ. ಹೇಗೆ ಹೇಳೋದು?"

ನಾನು ಆ ಹಾಳೆಯಲ್ಲಿ ವಾರದ ಮುಂದೆ ತಪ್ಪು ಅಂತ ಗುರುತು ಹಾಕಬೇಕಿತ್ತು. ಹಾಕಲಿಲ್ಲ. ಎಷ್ಟು ಜನರಿಗೆ ಹೀಗೆ ಸುಮ್ನೆ ತಪ್ಪು ಹಾಕಿದ್ದೇನೋ ಅಂತ ಆ ರಾತ್ರಿ ಯೋಚನೆಯಾಯಿತು. ಪ್ರಶ್ನೆ ಅವರ ತಲೆಯನ್ನು ಅಳೆಯುತ್ತಿರಲಿಲ್ಲ, ಆ ಒಂಬತ್ತನೇ ಮಹಡಿಯನ್ನು ಅಳೆಯುತ್ತಿತ್ತು.

ಹಾಗಂತ ಬರೀ ಮಾತಿನಲ್ಲಿ ಮುಗಿಸಲಿಲ್ಲ. ವಯಸ್ಸಾದವರಲ್ಲಿ ಖಿನ್ನತೆ ಬಂದರೂ ಮರೆವಿನ ಹಾಗೇ ಕಾಣಬಹುದು. ಥೈರಾಯ್ಡ್ ಕಡಿಮೆಯಾದರೂ ಅಷ್ಟೇ, ಬಿ12 ಕಡಿಮೆಯಾದರೂ ಅಷ್ಟೇ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು. "ಹಾಗಾದ್ರೆ ಗುಣವಾಗಿದ್ದು ಇಂಜೆಕ್ಷನ್‌ನಿಂದ, ನಿಮ್ಮ ಸಲಹೆಯಿಂದ ಅಲ್ಲ" ಅಂತ ಸಹೋದ್ಯೋಗಿಯೊಬ್ಬರು ಕಾಲೆಳೆದರು. ಇರಬಹುದು. ಎರಡನ್ನೂ ಒಟ್ಟಿಗೇ ಕೊಟ್ಟೆವು. ಬೇರೆ ಬೇರೆ ಮಾಡಿ ನೋಡೋಕೆ ಅವರೇನು ಪ್ರಯೋಗಾಲಯದ ಇಲಿಯೇ?

ನನ್ನ ಸಲಹೆ ಇಷ್ಟೇ. ವಾರಕ್ಕೆ ಎರಡು ಗುರುತು ಹಾಕಿ, ಅದನ್ನು ಅವರೇ ಆರಿಸಲಿ. ಶಾರದಮ್ಮ ತಕ್ಷಣ ಮಂಗಳವಾರ ಅಂದರು, ತರಕಾರಿಗೆ. ಮಗನಿಗೆ ಗಾಬರಿ. "ಫೋನ್‌ನಲ್ಲಿ ಹೇಳಿದ್ರೆ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತೆ. ಅಮ್ಮ ಎಲ್ಲಾದ್ರೂ ತಪ್ಪಿಸಿಕೊಂಡ್ರೆ?" ಅವರ ಭಯ ಸುಳ್ಳಲ್ಲ. ಅದಕ್ಕೇ ಮೊದಲ ಎರಡು ವಾರ ಸೊಸೆ ಜೊತೆಗೆ ಹೋದರು. ಮೂರನೇ ವಾರ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತರು. ನಾಲ್ಕನೇ ವಾರ ಒಬ್ಬರೇ, ಚೀಲದಲ್ಲಿ ವಿಳಾಸ, ಫೋನ್ ನಂಬರಿನ ಚೀಟಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇಲ್ಲಿ ನನ್ನ ಕೈ ಹಿಡಿಯಿತು. ಆಧಾರ್ ತೋರಿಸಿದರೆ ರಾಜ್ಯದ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಮಗನ ಮುಂದೆ ಕೈಚಾಚದೆ ಗಾಂಧಿ ಬಜಾರಿಗೆ ಹೋಗಿ ಬರಬಹುದು. ಸೊನ್ನೆ ರೂಪಾಯಿ ಟಿಕೆಟ್ಟುಗಳನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಿದ್ದರಂತೆ.

ಇನ್ನೊಂದು ಮಾತು ಹೇಳಿದ್ದಕ್ಕೆ ಮನೆಯವರು ನನ್ನ ಮೇಲೆ ಬೇಸರ ಮಾಡಿಕೊಂಡರು. ಒಂದು ವರ್ಷ ಕಳೆಯುವವರೆಗೆ ಊರಿನ ಮನೆ ಮಾರಬೇಡಿ ಅಂದೆ. ಆಸ್ತಿ ವಿಷಯ ನಿಮಗ್ಯಾಕೆ ಅಂತ ಬಾಯಿಬಿಟ್ಟು ಕೇಳಲಿಲ್ಲ, ಮುಖ ಕೇಳಿತು. ಗಂಡನನ್ನು ಕಳೆದುಕೊಂಡ ವರ್ಷದಲ್ಲೇ ಮನೆಯನ್ನೂ ಕಳೆದುಕೊಂಡರೆ ದುಃಖ ಯಾವುದರದ್ದು ಅಂತಲೇ ಗೊತ್ತಾಗುವುದಿಲ್ಲ. ವಾಪಸ್ ಹೋಗಲಿ ಬಿಡಲಿ, ಹೋಗಬಹುದು ಅನ್ನುವ ಧೈರ್ಯ ಇದ್ದಾಗಲೇ ಹೊಸ ಜಾಗದಲ್ಲಿ ಕಾಲೂರಲು ಆಗುವುದು. ಈ ಮಾತಿಗೆ ಇವತ್ತೂ ಬದ್ಧಳು.

"ಸ್ವಲ್ಪ ದಿನ ಹೋದ್ರೆ ಅಡ್ಜಸ್ಟ್ ಆಗ್ತಾರೆ" ಅಂತ ದಯವಿಟ್ಟು ಹೇಳಬೇಡಿ. ದಿನಗಳೇ ಒಂದರ ಹಾಗೆ ಒಂದು ಇರುವಾಗ ಎಷ್ಟು ಹೋದರೇನು? ಪಿಜಿಗೆ ಬಂದ ಹುಡುಗನಿಗೂ, ಮದುವೆಯಾಗಿ ಬೇರೆ ಊರಿಗೆ ಬಂದ ಹುಡುಗಿಗೂ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಬುಧವಾರಕ್ಕೂ ಗುರುವಾರಕ್ಕೂ ಏನು ವ್ಯತ್ಯಾಸ? ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟರೆ, ತೋರಿಸಿಕೊಳ್ಳಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಶಾರದಮ್ಮ ಪೂರ್ತಿ ಒಗ್ಗಿಕೊಂಡಿದ್ದಾರೆ ಅಂತ ಹೇಳಲಾರೆ. ಲಿಫ್ಟ್ ಅಂದರೆ ಈಗಲೂ ಆಗುವುದಿಲ್ಲ, ಸಂಜೆ ಹೊತ್ತು ಅಳು ಬರುತ್ತದಂತೆ. ಕೊನೆಯ ಭೇಟಿಗೆ ಮಂಗಳವಾರ ಹನ್ನೊಂದಕ್ಕೆ ಬನ್ನಿ ಅಂದೆ.

"ಮಂಗಳವಾರ ಆಗಲ್ಲ ತಂಗಿ, ಸಂತೆ. ಬುಧವಾರ ಇಟ್ಕೊ."

ಬುಧವಾರ ಬಂದರು, ಎರಡು ಕಟ್ಟು ಹರಿವೆ ಸೊಪ್ಪು ಹಿಡಿದುಕೊಂಡು. ಚೌಕಾಸಿ ಮಾಡಿದರೂ ಬೆಂಗಳೂರಿನವರು ಒಂದು ರೂಪಾಯಿ ಬಿಡಲಿಲ್ಲವಂತೆ.