ವರ್ಣಭೇದದ ಇತಿಹಾಸ ಓದಿದೋರು ಮತ್ತೆ ಮಗು ಹೇಳೋ ಕಾದಂಬರಿ ಯಾಕೆ ಓದ್ಬೇಕು?

ಇತಿಹಾಸ ಓದಿ ಆಗಿದೆ, ಮಗುವಿನ ಬಾಯಲ್ಲಿ ಹೇಳ್ಸಿರೋ ಕಾದಂಬರಿಯಿಂದ ಹೊಸದಾಗಿ ಏನ್ ಸಿಗುತ್ತೆ ಅಂತ ಕೇಳಿದೀರ. ನಾನು ಒಂದೇ ಪುಸ್ತಕ ಇಟ್ಕೊಂಡು ಹೇಳ್ತೀನಿ, ಅಮೆರಿಕದ ಲೇಖಕಿ ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. 1976ರಲ್ಲಿ ಬಂದಿದ್ದು, ಮಾರನೇ ವರ್ಷ ಅಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ನ್ಯೂಬರಿ ಮೆಡಲ್ ಸಿಕ್ತು. ಕಥೆ ನಡೆಯೋದು 1933ರಲ್ಲಿ, ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ, ಹೇಳೋಳು ಕ್ಯಾಸಿ ಅಂತ ಒಂಬತ್ತು ವರ್ಷದ ಕಪ್ಪು ಹುಡುಗಿ.

ಸೌಲಭ್ಯ ಸಮಾನವಾಗಿದ್ರೆ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಇಡ್ಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ಹೇಳ್ತು, ಶಾಲೆಗಳ ಮಟ್ಟಿಗೆ ಅದು ಹೋಗಿದ್ದು 1954ರಲ್ಲಿ. ಇದು ನಿಮಗೆ ಗೊತ್ತಿರುತ್ತೆ. ಆ ಸಮಾನತೆ ಕೈಗೆ ಬಂದಾಗ ಹೇಗಿರುತ್ತೆ ಅನ್ನೋದು ಮೊದಲನೇ ಅಧ್ಯಾಯದಲ್ಲೇ ಇದೆ. ಕ್ಯಾಸಿಯ ಆರು ವರ್ಷದ ತಮ್ಮ ಶಾಲೆಯ ಮೊದಲನೇ ದಿನ ಬಟ್ಟೆಗೆ ಧೂಳು ತಾಕಬಾರ್ದು ಅಂತ ಹುಷಾರಾಗಿ ಹೆಜ್ಜೆ ಇಡ್ತಾ ಬರೋ ಹುಡುಗ, ಅವನ ಕೈಗೆ ಹರಿದು ಕೊಳಕಾಗಿರೋ ಪುಸ್ತಕ ಬರುತ್ತೆ, ರಟ್ಟಿನ ಒಳಗಡೆ ಒಂದು ಪಟ್ಟಿ: ಯಾವ ವರ್ಷ ಯಾರಿಗೆ ಕೊಟ್ರು, ಆಗ ಪುಸ್ತಕದ ಸ್ಥಿತಿ ಹೇಗಿತ್ತು. 1922ರಲ್ಲಿ ಹೊಸದು, ಬಿಳಿ ಮಗುವಿಗೆ. ಆಮೇಲೂ ಬಿಳಿ ಮಕ್ಕಳಿಗೇ. 12ನೇ ಸಾಲಿಗೆ ಬರೋಷ್ಟರಲ್ಲಿ ಸ್ಥಿತಿ ತೀರಾ ಕೆಟ್ಟದು, ಪಕ್ಕದ ಕಾಲಮ್ಮಲ್ಲಿ ಕರಿಯರನ್ನ ಹೀಯಾಳಿಸೋ ಪದ. ಹುಡುಗ ಪುಸ್ತಕ ನೆಲಕ್ಕೆ ಎಸೆದು ತುಳೀತಾನೆ. ಅದಕ್ಕೆ ಅವನಿಗೆ ಹೊಡೆಯೋ ಟೀಚರೂ ಕಪ್ಪು ಹೆಂಗಸೇ, ಅದು ನನ್ನನ್ನ ತುಂಬಾ ಕಾಡ್ತು. ಕ್ಯಾಸಿಯ ಅಮ್ಮನೂ ಅದೇ ಶಾಲೆಯಲ್ಲಿ ಟೀಚರ್, ಅವಳು ಏನೂ ಕೂಗಾಡಲ್ಲ, ಕಾಗದ ಕತ್ತರಿಸಿ ಆ ಪಟ್ಟಿ ಮೇಲೆ ಅಂಟಿಸ್ತಾ ಹೋಗ್ತಾಳೆ.

ಇನ್ನೊಂದು ಜಾಗ, ಪೇಟೆಯ ಅಂಗಡಿ. ಕ್ಯಾಸಿ ಮತ್ತೆ ಅವಳ ಜೊತೆಗಿರೋರು ಮೊದಲೇ ಬಂದು ಸಾಮಾನಿನ ಚೀಟಿ ಕೊಟ್ಟಿರ್ತಾರೆ, ಅಂಗಡಿಯವನು ಆಮೇಲೆ ಬಂದ ಬಿಳಿಯರಿಗೆಲ್ಲ ಕಟ್ಟಿಕೊಡ್ತಾನೇ ಇರ್ತಾನೆ. ಕರಿಯರು ಕಾಯಬೇಕಿತ್ತು ಅಂತ ಇತಿಹಾಸ ಒಂದು ಸಾಲಲ್ಲಿ ಮುಗಿಸುತ್ತೆ, ಆದ್ರೆ ಕ್ಯಾಸಿಗೆ ಆ ನಿಯಮ ಗೊತ್ತೇ ಇಲ್ಲ, ಪಾಪ ಮರೆತಿರಬೇಕು ಅಂದ್ಕೊಂಡು ಮರ್ಯಾದೆಯಿಂದಲೇ ಜ್ಞಾಪಿಸ್ತಾಳೆ, ಬೈಸ್ಕೊಂಡು ಆಚೆ ಬರ್ತಾಳೆ. ಬಂದೋಳು ಫುಟ್‌ಪಾತಲ್ಲಿ ಒಬ್ಬ ಬಿಳಿ ಹುಡುಗಿಗೆ ಅಕಸ್ಮಾತ್ತಾಗಿ ಡಿಕ್ಕಿ ಹೊಡೀತಾಳೆ, ಆ ಹುಡುಗಿಯ ಅಪ್ಪ ಇವಳ ತೋಳು ತಿರುಚಿ ರಸ್ತೆಗೆ ತಳ್ತಾನೆ. ಅಜ್ಜಿ ಓಡಿ ಬರ್ತಾಳೆ, ಇನ್ನೇನು ನನ್ನ ಪರ ನಿಲ್ತಾಳೆ ಅಂತ ಕ್ಯಾಸಿ ಅಂದ್ಕೊಂಡ್ರೆ, ಆ ಅಜ್ಜಿಯೇ ಕ್ಷಮೆ ಕೇಳು ಅಂತ ಬಲವಂತ ಮಾಡ್ತಾಳೆ, ಕ್ಯಾಸಿಯ ವಯಸ್ಸಿಗೇ ಹತ್ತಿರ ಇರೋ ಆ ಹುಡುಗಿಯನ್ನ 'ಮಿಸ್' ಅಂತ ಕರೆಸಿ.

ನನ್ನ ಪ್ರಕಾರ ಮಗು ಹೇಳೋದ್ರಿಂದ ಸಿಗೋದು ಇದೇ. ದ್ವೇಷ ಮಾಡೋರನ್ನ ಇತಿಹಾಸವೂ ತೋರಿಸುತ್ತೆ, ಆದ್ರೆ ಮಗುಗೆ ತಲೆ ತಗ್ಗಿಸೋದು ಕಲಿಸೋ ಕೆಲಸ ಅದನ್ನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸೋ ಮನೆಯವರ ಮೇಲೇ ಬೀಳುತ್ತಲ್ಲ, ಯಾಕಂದ್ರೆ ಕಲಿಸದಿದ್ರೆ ಮಗು ಉಳಿಯಲ್ಲ ಅನ್ನೋ ಭಯ, ಅದು ನನಗೆ ಬೇರೆ ಎಲ್ಲೂ ಇಷ್ಟು ಹತ್ತಿರದಿಂದ ಕಂಡಿರ್ಲಿಲ್ಲ. ಅಜ್ಜಿ ಮೇಲೆ ಕ್ಯಾಸಿಗೆ ಬರೋ ಕೋಪ ನಮಗೂ ಬರುತ್ತೆ, ಆಮೇಲೆ ಅಮ್ಮ ಅವಳನ್ನ ಕೂರಿಸ್ಕೊಂಡು ಗುಲಾಮಗಿರಿ ಕಾಲದಿಂದ ಶುರು ಮಾಡಿ ವಿವರಿಸುವಾಗ ಅಜ್ಜಿಯ ಕಷ್ಟ ಅವಳಿಗಿಂತ ಮೊದಲು ನಮಗೆ ಅರ್ಥ ಆಗುತ್ತೆ.

ಇಂಗ್ಲಿಷ್ ಕಷ್ಟ ಇಲ್ಲ, ಮಾತುಗಳಲ್ಲಿ ಆ ಕಡೆಯ ಹಳ್ಳಿ ಧಾಟಿ ಇದೆ, ಸ್ವಲ್ಪ ಪುಟ ಆದ್ಮೇಲೆ ಕಿವಿಗೆ ಹತ್ತುತ್ತೆ. ಮನೆಯಲ್ಲಿ ಮಕ್ಕಳಿಗೂ ಕೊಡೋದಾದ್ರೆ ಮೊದಲು ನೀವು ಓದ್ಕೊಳ್ಳಿ, ಬೆಂಕಿ ಹಚ್ಚಿ ಜನರನ್ನ ಸುಟ್ಟಿರೋ ವಿಷಯ ಬರುತ್ತೆ, ಕೊನೆಗೆ ಗುಂಪು ಕಟ್ಕೊಂಡು ಒಬ್ಬ ಹುಡುಗನ್ನ ಕೊಲ್ಲೋಕೆ ಬರೋ ರಾತ್ರಿ ಇದೆ, ಆ ಪುಟಗಳನ್ನ ಅವರ ಜೊತೆ ಕೂತು ಓದಿ.